ಯಾರು, ಏಕೆ ಎಂದು ಹೇಳದ ಲೇಖನಕ್ಕೆ

ಆತ್ಮೀಯರೇ,

ನಾಡಿಬಡಿತದ ಲಯಕ್ಕೆ ಕಿವಿಯಲ್ಲಿ ಕೇಳುವ ಮೊರೆತ, ಅದರ ಹಿಂದಿರುವ ರಕ್ತನಾಳದ ದೋಷಗಳು, ಅವನ್ನು ಸ್ಕ್ಯಾನಿಂಗ್‌ನಲ್ಲಿ ಪತ್ತೆಹಚ್ಚುವ ಬಗೆ ಕುರಿತ ನಿಮ್ಮ ಲೇಖನ ತಲುಪಿತು. ವಿಷಯ ಒಳ್ಳೆಯದು, ಭಾಷೆ ಶುದ್ಧವಾಗಿದೆ. ಆದರೂ ಓದಿ ಸಿಟ್ಟು ಬಂತು. ಎರಡು ಸಾಲಿನ ವಿಷಾದಪತ್ರದ ಬದಲು ಇಷ್ಟುದ್ದ ಬರೆಯುತ್ತಿರುವುದು ಅದಕ್ಕೇ.

ಎರಡನೆಯ ಪ್ಯಾರಾ ತೆರೆದು ನೋಡಿ. 'ರೋಗಿಯನ್ನು ಎಂ.ಆರ್.ಐ.ಗೆ ಒಳಪಡಿಸಲಾಗುತ್ತದೆ.' ಯಾರು ಒಳಪಡಿಸುತ್ತಾರೆ? ಅದಕ್ಕೂ ಮುಂಚೆ ಏನಾಯಿತು? ವೈದ್ಯರು ಮಣಿಕಟ್ಟು ಹಿಡಿದು ಸದ್ದಿನ ಲಯವನ್ನು ನಾಡಿಯೊಂದಿಗೆ ತಾಳೆ ನೋಡುವುದಿಲ್ಲವೇ? ಕಿವಿಯ ಹಿಂದೆ, ಕೊರಳ ಮೇಲೆ ಸ್ಟೆತೊಸ್ಕೋಪ್ ಇಟ್ಟು ಆಲಿಸುವುದಿಲ್ಲವೇ? ಸದ್ದಿರುವ ಬದಿಯ ಕೊರಳ ಅಭಿಧಮನಿಯನ್ನು ಅವರು ಮೆಲ್ಲಗೆ ಒತ್ತಿದಾಗ ಮೊರೆತ ಅಡಗಿದರೆ, ಮೂಲ ಅಭಿಧಮನಿಯಲ್ಲಿರಬಹುದು ಎಂಬ ಸುಳಿವು ಸಿಕ್ಕಿತು. ಮೊದಲು ಯಾವ ಸ್ಕ್ಯಾನ್ ಎಂಬುದು ಇಂಥ ಸುಳಿವುಗಳ ಮೇಲೆ ನಿಂತಿದೆ. ಕಿವಿತಮಟೆಯ ಹಿಂದೆ ಕೆಂಪು ಗಂಟು ಕಂಡರೆ ಸಿ.ಟಿ. ಬೇಕು: ಅದು ರಕ್ತನಾಳಗಳು ಕಿಕ್ಕಿರಿದ ಗ್ಲೋಮಸ್ ಗೆಡ್ಡೆ ಇರಬಹುದು, ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಯೇ ದಾರಿ ತಪ್ಪಿ ನಡುಗಿವಿಗೆ ಬಂದಿರಲೂಬಹುದು. ಗೊತ್ತಿಲ್ಲದೆ ಬಯಾಪ್ಸಿಗೆ ಕೈಹಾಕಿದರೆ ರಕ್ತ ನಿಲ್ಲಿಸುವುದೇ ಕಷ್ಟ. ಓದುಗ ಉಸಿರು ಬಿಗಿಹಿಡಿದು ಓದಬೇಕಾದ ಜಾಗವನ್ನು ನೀವು ಒಂದು 'ಲಾಗುತ್ತದೆ'ಯಲ್ಲಿ ಮುಗಿಸಿಬಿಟ್ಟಿದ್ದೀರಿ.

ನಾನು ಸುದ್ದಿಮನೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ಕರ್ತೃವಿಲ್ಲದ ವಾಕ್ಯ ಕಂಡರೆ ಅಂಚಿನಲ್ಲಿ ಕೆಂಪು ಶಾಯಿಯಿಂದ 'ಯಾರು?' ಎಂದಷ್ಟೇ ಗೀಚಿ ಹಾಳೆಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಉತ್ತರ ಹುಡುಕಿಕೊಂಡು ವರದಿಗಾರರು ಮತ್ತೆ ಫೋನು ಹಿಡಿಯಬೇಕಿತ್ತು. ಅವರನ್ನು ಮನಸ್ಸಿನಲ್ಲೇ ಬೈದುಕೊಳ್ಳದವರು ನಮ್ಮಲ್ಲಿ ಯಾರೂ ಇರಲಿಲ್ಲ. ಈಗ ನಿಮ್ಮ ಪ್ರತಿಯ ಅಂಚಿನ ತುಂಬ ಅದೇ ಪ್ರಶ್ನೆ ಬರೆದಿದ್ದೇನೆ, ನೀವೂ ಬೈದುಕೊಳ್ಳಿ.

ಇನ್ನೊಂದು ತಕರಾರು ಇದಕ್ಕಿಂತ ಗಂಭೀರ. 'ಎಂ.ಆರ್.ಐ. ಸಹಜವಾಗಿದ್ದರೆ ಚಿಂತೆಯಿಲ್ಲ.' ಈ ಸಾಲನ್ನು ನಾನು ಅಚ್ಚುಹಾಕಲಾರೆ. ಮಿದುಳಿನ ಹೊದಿಕೆಯಲ್ಲಿ ಅಪಧಮನಿ ನೇರವಾಗಿ ಅಭಿಧಮನಿಗೆ ಕೂಡಿಕೊಳ್ಳುವ ಡ್ಯೂರಲ್ ಫಿಸ್ಟುಲಾ ಮಾಮೂಲಿ ಎಂ.ಆರ್.ಐ.ಯಲ್ಲಿ ಕಣ್ತಪ್ಪಿಸಿಕೊಳ್ಳಬಲ್ಲದು. ಅಲ್ಲಿಂದ ರಕ್ತ ಮಿದುಳಿನ ಮೇಲ್ಮೈಯ ಅಭಿಧಮನಿಗಳಿಗೆ ಹಿಮ್ಮುಖವಾಗಿ ನುಗ್ಗುತ್ತಿದ್ದರೆ ಮಿದುಳಿನ ರಕ್ತಸ್ರಾವದ ಭಯವಿದೆ. ಅನುಮಾನ ಬಲವಾಗಿದ್ದರೆ, ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಕ್ಯಾತಿಟರ್ ಎಂಬ ಸಣ್ಣ ಕೊಳವೆ ತೂರಿಸಿ ರಕ್ತನಾಳಗಳ ಚಿತ್ರ ತೆಗೆಯುವ ಡಿ.ಎಸ್.ಎ. ಆ್ಯಂಜಿಯೋಗ್ರಾಮ್‌ವರೆಗೂ ಹೋಗಬೇಕಾಗುತ್ತದೆ.

ಮುಂದಿನ ಸಾಲಿನಲ್ಲಿ ಇನ್ನೊಂದು ತುದಿಗೆ ಹಾರಿದ್ದೀರಿ: 'ಟ್ರಾನ್ಸ್‌ವರ್ಸ್ ಸೈನಸ್ ಕಿರಿದಾಗಿದ್ದರೆ ಕಾರಣ ಸಿಕ್ಕಂತೆಯೇ.' ಮಿದುಳಿನ ರಕ್ತವನ್ನು ಹೊರಹರಿಸುವ ಈ ದೊಡ್ಡ ಅಭಿಧಮನಿ ಕಾಲುವೆ ಯಾವ ಸದ್ದೂ ಕೇಳದವರಲ್ಲಿಯೂ ಕಿರಿದಾಗಿರುವುದುಂಟು. ಸದ್ದು ಬರುವ ಬದಿಯೂ ಕಿರಿದಾದ ಬದಿಯೂ ಒಂದೇ ತಾನೇ? ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿದೆಯೇ? ಕಣ್ಣಿನ ಹಿಂಬದಿಯ ನರ ಊದಿಕೊಂಡಿದೆಯೇ? ಇದನ್ನೆಲ್ಲ ಕೇಳದೆ ತೀರ್ಪು ಕೊಡುವುದು ಸಲ್ಲದು.

ಉಳಿದ ಪ್ಯಾರಾಗಳ ತಂಟೆಗೆ ಹೋಗುವುದಿಲ್ಲ. ಈ ಸಾಲುಗಳನ್ನು ತಿದ್ದಿ ಕಳುಹಿಸಿ. ಕೊನೆಯ ಪುಟದಲ್ಲಿರುವ ಕಾರಣಗಳ ಉದ್ದನೆಯ ಪಟ್ಟಿಯನ್ನು ನಾನೇ ಕಿತ್ತುಹಾಕುತ್ತೇನೆ.