ಟ್ರೇಲರಿಗೆ ಯಾವ ಆಕ್ಸಲ್?

ಪ್ರಶ್ನೆ: ಬೊಲೆರೊ ಹಿಂದೆ ಕಟ್ಟಲು ಕ್ಯಾಂಪಿಂಗ್ ಟ್ರೇಲರ್ ಮಾಡಿಸುತ್ತಿದ್ದೇನೆ. ಇಬ್ಬರು ಮಲಗುವ ಪೆಟ್ಟಿಗೆ, ಹಿಂಬದಿಯಲ್ಲಿ ಅಡುಗೆ, 100 ಲೀಟರಿನ ನೀರಿನ ಟ್ಯಾಂಕ್. ರಾಣಿಪುರಂ ಕಡೆಗೆ, ಬಂದಡ್ಕದ ತೋಟದ ದಾರಿಗಳಲ್ಲಿ ಸುತ್ತುವ ಆಸೆ. ಮೇಸ್ತ್ರಿ ಹಳೆಯ ಜೀಪಿನ ಹಿಂದಿನ ಆಕ್ಸಲ್ ಸಾಕೆನ್ನುತ್ತಾರೆ. ಭಾವ ರಬ್ಬರ್ ಟಾರ್ಷನ್ ಹಾಕಿಸು ಎನ್ನುತ್ತಾರೆ. ನನಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಮೇಲೆ ಮನಸ್ಸು. ಯಾವುದು ಸರಿ?
— ಅಡಿಕೆ ಕೃಷಿಕ, ಮುಳ್ಳೇರಿಯ

ಉತ್ತರ: ಟ್ಯಾಂಕಿನ ಅಳತೆ ಬರೆದಿದ್ದೀರಿ, ಟ್ರೇಲರಿನ ತೂಕ ಬರೆದಿಲ್ಲ. ತುಂಬಿದ ಟ್ಯಾಂಕಿನ ನೀರೇ 100 ಕಿಲೊ. ಹಾಸಿಗೆ, ಬ್ಯಾಟರಿ, ಗ್ಯಾಸ್ ಎಲ್ಲ ಕೂಡಿಸಿ, ಅದಕ್ಕಿಂತ ಕಾಲು ಭಾಗವಾದರೂ ಹೆಚ್ಚು ಹೊರುವ ಆಕ್ಸಲ್ ಹುಡುಕಿ.

ಮೇಸ್ತ್ರಿಯ ಮಾತನ್ನು ಅರ್ಧ ಒಪ್ಪುತ್ತೇನೆ. ಅಡ್ಡ ಆಕ್ಸಲ್ ಮತ್ತು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಮಾನ್ ಪಟ್ಟಿ ನಮ್ಮ ದಾರಿಗೆ ಹೊಂದುತ್ತವೆ. ಪಟ್ಟಿ ತುಂಡಾದರೆ ಸಣ್ಣ ಪೇಟೆಯಲ್ಲೂ ಜೋಡಿಸಿಕೊಡುವವರು ಸಿಗುತ್ತಾರೆ. ಆದರೆ ಜೀಪಿನ ಹಿಂದಿನ ಆಕ್ಸಲ್ ಬೇಡವೇ ಬೇಡ. ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ, ಅದರ ನಡುವಿನ ಡಿಫರೆನ್ಷಿಯಲ್ ಗುಂಡು ಎಂಜಿನ್ನಿಲ್ಲದ ಬಂಡಿಗೆ ದಂಡದ ಭಾರ. ಮುರಕಲ್ಲು ಎದ್ದ ದಾರಿಯಲ್ಲಿ ಮೊದಲು ತಾಗುವುದೂ ಅದೇ. ಬ್ರೇಕ್ ಕೂರಿಸಬಹುದಾದ ಹಬ್ ಇರುವ ಹೊಸ ಟ್ರೇಲರ್ ಆಕ್ಸಲನ್ನೇ ಕೊಳ್ಳಿ.

ಜೀಪಿನ ಪಟ್ಟಿಗಳನ್ನೂ ಇದ್ದ ಹಾಗೆ ಹಾಕಿಸಬೇಡಿ. ಹಗುರ ಟ್ರೇಲರಿಗೆ ಅವು ಬಾಗುವುದೇ ಇಲ್ಲ. ಪೆಟ್ಟಿಗೆ ಕುಪ್ಪಳಿಸಿ ಕಪಾಟಿನ ತಿರುಪುಗಳು ಒಂದೊಂದಾಗಿ ಸಡಿಲುತ್ತವೆ. ಭಾರ ನೋಡಿ ಪಟ್ಟಿ ಕಡಿಮೆ ಮಾಡಿಸಿ, ಎರಡೂ ತುದಿಯಲ್ಲಿ ಸುರುಳಿ ಕಣ್ಣುಗಳಿರುವ ಉದ್ದದ ಪಟ್ಟಿಯನ್ನು ಮಾತ್ರ ಮುಟ್ಟಬೇಡಿ. ಎರಡೂ ಬದಿಗೆ ಶಾಕ್ ಅಬ್ಸಾರ್ಬರ್ ಇರಲೇಬೇಕು, ಮೇಸ್ತ್ರಿ ಎಷ್ಟೇ ಗೊಣಗಲಿ.

ಟಾರ್ಷನ್‌ನಲ್ಲಿ ಕೊಳವೆಯೊಳಗಿನ ರಬ್ಬರೇ ಸ್ಪ್ರಿಂಗು. ಡಾಂಬರಿನಲ್ಲಿ ಚೆನ್ನಾಗಿಯೇ ಓಡುತ್ತದೆ, ರಬ್ಬರ್ ಸತ್ತ ದಿನ ಇಡೀ ಆಕ್ಸಲನ್ನು ಬದಲಿಸಬೇಕು. ನೀವು ಮೆಚ್ಚಿದ ಇಂಡಿಪೆಂಡೆಂಟಿಗೆ ಅಡ್ಡ ಕೊಳವೆ ಇಲ್ಲ, ಒಂದೊಂದು ಚಕ್ರವೂ ತನ್ನದೇ ತೋಳಿನ ಮೇಲೆ ಕುಣಿಯುತ್ತದೆ. ಜಾಡಿನ ನಡುವಿನ ದಿಬ್ಬ ತಾಗದು. ಆದರೆ ತೋಳುಗಳ ಬೆಸುಗೆ ಕೂದಲೆಳೆ ಓರೆಯಾದರೂ ಟಯರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಬೆಸೆಯುವಾಗ ಭಾಗಗಳನ್ನು ಅಲುಗದಂತೆ ಹಿಡಿಯುವ ಚೌಕಟ್ಟು, ಅಂದರೆ ಜಿಗ್, ಇಲ್ಲದ ವರ್ಕ್‌ಶಾಪಿನಲ್ಲಿ ಅದಕ್ಕೆ ಕೈ ಹಾಕಬೇಡಿ.

ಚಕ್ರಗಳ ನಡುವಿನ ಅಗಲ ಬೊಲೆರೊದಷ್ಟೇ ಇರಲಿ. ಟಯರ್, ಬೋಲ್ಟ್ ಅಳತೆಗಳೂ ಒಂದೇ ಆದರೆ ಸ್ಟೆಪ್ನಿ ಎರಡಕ್ಕೂ ಆದೀತು. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಬೆಸುಗೆಗೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ ವೇಬ್ರಿಡ್ಜಿಗೆ ಒಯ್ಯಿರಿ. ಟ್ರೇಲರನ್ನು ಬಿಡಿಸಿ ಒಮ್ಮೆ ಪೂರ್ತಿ ತೂಗಿಸಿ. ಮತ್ತೆ ಬೊಲೆರೊಗೆ ಸಿಕ್ಕಿಸಿ, ಟ್ರೇಲರಿನ ಚಕ್ರಗಳನ್ನಷ್ಟೇ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಿ. ಎರಡರ ವ್ಯತ್ಯಾಸವೇ ಕೊಕ್ಕೆಯ ಮೇಲಿನ ಭಾರ. ಅದು ಒಟ್ಟು ತೂಕದ ಹತ್ತನೇ ಒಂದು ಪಾಲಿಗಿಂತ ಕಡಿಮೆ ಬಂದರೆ ಟ್ರೇಲರ್ ಓಲಾಡಬಹುದು. ಟ್ಯಾಂಕನ್ನು ಮುಂದಕ್ಕೆ ಸರಿಸಿ ಇನ್ನೊಮ್ಮೆ ತೂಗಿಸಿ.