ಮಡಚುವ ಮಂಚದ ಮೇಲಿನ ಅಂಗಡಿ

ದಾವಣಗೆರೆಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಕಳೆದ ಸಂಚಿಕೆಯ ಪೋಲೆಂಡ್ ಲೇಖನ ನಿಮಗೆ ಬೇಸರ ತಂದಿದೆ. ‘ಸರ್ಕಾರಿ ಕಾರ್ಖಾನೆ ಮಾರಿದರೆ ಸಣ್ಣ ವ್ಯಾಪಾರ ತಾನಾಗಿ ಬೆಳೆಯುತ್ತೆ ಅಂತೀರಾ? ನಾನು ದುಡಿದ ಮಿಲ್ಲು ಮುಚ್ಚಿದಾಗ ನಮ್ಮಲ್ಲಿ ಯಾರೂ ವ್ಯಾಪಾರಿ ಆಗಲಿಲ್ಲ’ ಎಂದಿದ್ದೀರಿ. ನಿಮ್ಮ ಆಕ್ಷೇಪ ಸರಿ. ನಾವು ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟು ಕಟ್ಟಿದ್ದೆವು.

ಪೋಲೆಂಡಿನಲ್ಲಿ ಸಣ್ಣ ವ್ಯಾಪಾರ ಚಿಗುರಿದ್ದು ಕಾರ್ಖಾನೆ ಮಾರುವ ಮೊದಲೇ. 1988ರ ಡಿಸೆಂಬರಿನಲ್ಲಿ, ಇನ್ನೂ ಕಮ್ಯುನಿಸ್ಟ್ ಸರ್ಕಾರ ಇದ್ದಾಗ, ಒಂದು ಕಾನೂನು ಬಂತು. ಅದನ್ನು ತಂದ ಮಂತ್ರಿ ವಿಲ್ಚೆಕ್ ಸ್ವತಃ ಖಾಸಗಿ ಉದ್ಯಮಿ. ಕಾನೂನು ಬೇಡ ಎನ್ನದ ಯಾವ ಕಸುಬನ್ನಾದರೂ ಯಾರು ಬೇಕಾದರೂ ಮಾಡಬಹುದು ಎನ್ನುವುದೇ ಅದರ ತಿರುಳು. ಲೈಸೆನ್ಸ್ ಬೇಕಿದ್ದದ್ದು 11 ಕ್ಷೇತ್ರಗಳಿಗೆ ಮಾತ್ರ. ಉಳಿದದ್ದಕ್ಕೆ ಹೆಸರು ನೋಂದಾಯಿಸಿದರೆ ಸಾಕು.

1990ರ ಜನವರಿ 1ರಿಂದ ಬಾಲ್ಟ್ಸೆರೊವಿಚ್ ಯೋಜನೆ, ಅಂದರೆ ಆ ಹೆಸರಿನ ಹಣಕಾಸು ಮಂತ್ರಿಯ ಆರ್ಥಿಕ ಸುಧಾರಣೆ, ಜಾರಿಯಾಯಿತು. ಹೆಚ್ಚಿನ ಬೆಲೆಗಳ ಮೇಲಿನ ಹಿಡಿತವನ್ನು ಸರ್ಕಾರ ಬಿಟ್ಟಿತು. ಆಮೇಲೆ ವಾರ್ಸಾ ನಗರದ ಬೀದಿ ನೋಡಬೇಕಿತ್ತು! ಜನ ಮಡಚುವ ಮಂಚ ತಂದು ಫುಟ್‌ಪಾತಿನಲ್ಲಿ ಬಿಡಿಸಿದರು. ಅದರ ಮೇಲೆ ಸಾಬೂನು, ಬಟ್ಟೆ, ಹಣ್ಣು, ಏನು ಸಿಕ್ಕಿತೋ ಅದು. ಹಳೇ ಕ್ರೀಡಾಂಗಣವೊಂದು ದೊಡ್ಡ ಸಂತೆಯೇ ಆಗಿಹೋಯಿತು. ಸರ್ಕಾರಿ ಅಂಗಡಿಗಳನ್ನೂ ಬೇಗ ಬಾಡಿಗೆಗೆ ಕೊಟ್ಟರು, ಮಾರಿದರು. ಎರಡೇ ವರ್ಷದಲ್ಲಿ ಚಿಲ್ಲರೆ ಅಂಗಡಿಗಳಲ್ಲಿ ಹೆಚ್ಚಿನವು ಖಾಸಗಿಯವರ ಕೈಯಲ್ಲಿದ್ದವು.

ದೊಡ್ಡ ಕಾರ್ಖಾನೆಗಳ ವಿಷಯದಲ್ಲಿ ಅವರು ಅವಸರ ಮಾಡಲಿಲ್ಲ. 512 ಕಾರ್ಖಾನೆಗಳನ್ನು ಹೂಡಿಕೆ ನಿಧಿಗಳಿಗೆ ಒಪ್ಪಿಸುವ ಕೆಲಸ ಶುರುವಾಗಿದ್ದು 1995ರಲ್ಲಿ. ಅಷ್ಟರಲ್ಲಿ ಸಣ್ಣವರು ಬೇರೂರಿದ್ದರು. ಇದನ್ನು ನಾವು ಲೇಖನದಲ್ಲಿ ಹೇಳಲೇಬೇಕಿತ್ತು.

ರಷ್ಯಾದಲ್ಲಿ ಮಾರಾಟಕ್ಕೇ ಅವಸರ. 1992ರಲ್ಲಿ ಪ್ರತಿಯೊಬ್ಬರಿಗೂ 10,000 ರೂಬಲ್ ಮುಖಬೆಲೆಯ ವೋಚರ್, ಅಂದರೆ ಸರ್ಕಾರಿ ಕಾರ್ಖಾನೆಗಳ ಷೇರು ಪಡೆಯುವ ಚೀಟಿ, ಕೊಟ್ಟರು. ಬೆಲೆ ಏರಿ ಏರಿ ಕೈಯಲ್ಲಿದ್ದ ಕಾಸು ಕರಗುತ್ತಿತ್ತು, ಎಷ್ಟೋ ಜನ ಆ ವೋಚರನ್ನು ಸಿಕ್ಕಷ್ಟಕ್ಕೆ ಮಾರಿಬಿಟ್ಟರು. ಅಲ್ಲೂ ಬೀದಿಬೀದಿಯಲ್ಲಿ ಗೂಡಂಗಡಿ ಎದ್ದವು. ಆದರೆ ಗೂಡಂಗಡಿಯವನು ‘ಕ್ರಿಶಾ’ಗೆ ಮಾಮೂಲಿ ಕೊಡಬೇಕಿತ್ತು. ಕ್ರಿಶಾ ಅಂದರೆ ಸೂರು, ಅಂದರೆ ರಕ್ಷಣೆಯ ಹೆಸರಲ್ಲಿ ವಸೂಲಿ ಮಾಡುವ ರೌಡಿಗಳು. ದುಡಿದದ್ದು ತನ್ನ ಕೈಯಲ್ಲಿ ಉಳಿಯುತ್ತೆ ಅನ್ನೋ ಧೈರ್ಯ ಇಲ್ಲದಿದ್ದರೆ ಅಂಗಡಿ ದೊಡ್ಡದು ಮಾಡಲು ಯಾರಿಗೆ ಮನಸ್ಸು ಬರುತ್ತೆ?

ಪೋಲೆಂಡಿನಲ್ಲೂ ಎಲ್ಲರೂ ಗೆಲ್ಲಲಿಲ್ಲ. ನಿಮ್ಮ ಪತ್ರ ಓದುವಾಗ ನನಗೆ ನೆನಪಾದವರು ಅಲ್ಲಿನ ಸರ್ಕಾರಿ ಹೊಲಗಳ ಕೂಲಿಗಳು. 1990ರ ದಶಕದ ಆರಂಭದಲ್ಲಿ ಆ ಹೊಲಗಳನ್ನು ಮುಚ್ಚಿದರು. ಮನೆ, ಕೆಲಸ, ಮಕ್ಕಳ ಶಿಶುವಿಹಾರ, ಎಲ್ಲವೂ ಅದೇ ಹೊಲವನ್ನು ನಂಬಿಕೊಂಡಿದ್ದವು. 1993ರ ಕೊನೆಗೆ ದೇಶದಲ್ಲಿ ನಿರುದ್ಯೋಗ ಶೇ. 16 ದಾಟಿತ್ತು, ಈ ಹಳ್ಳಿಗಳಲ್ಲಿ ಇನ್ನೂ ಜಾಸ್ತಿ. ನೆರೆಮನೆಯವನ ಜೇಬೂ ಖಾಲಿ ಇರುವಾಗ ಮಂಚ ಬಿಡಿಸಿ ಕೂತರೆ ಕೊಳ್ಳೋರು ಯಾರು, ಅಲ್ವಾ?

ನಿಮ್ಮ ಮಿಲ್ಲಿನವರ ಕತೆ ಇದಕ್ಕೇ ಹತ್ತಿರ ಅನ್ನಿಸುತ್ತದೆ. ಮಿಲ್ಲು ಮುಚ್ಚಿದ ಮೇಲೆ ಅವರೆಲ್ಲ ಏನು ಮಾಡಿದರು, ಎಲ್ಲಿಗೆ ಹೋದರು ಎಂದು ದಯವಿಟ್ಟು ವಿವರವಾಗಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.

– ಸಂ.