ಮನೆಯಲ್ಲಿ ಕೆಮ್ಮುವವರು ಯಾರು?

ಪ್ರಶ್ನೆ: ನಾನು ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲಾ ಮಾಸ್ತರ. ಎರಡನೇ ತರಗತಿಯ ಹುಡುಗನೊಬ್ಬ ಅಪ್ಪ-ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದ. ಮೊಹರಂಗೆ ಊರಿಗೆ ಬಂದಾಗ ಟಿಬಿ ಎಂದು ಗೊತ್ತಾಯಿತು. ಈಗ ಮಾತ್ರೆ ನುಂಗುತ್ತಿದ್ದಾನೆ. ‘ಗುಳೆ ಹೋದವರೇ ರೋಗ ತರ್ತಾರೆ, ನಮ್ಮ ಮಕ್ಕಳ ಪಕ್ಕ ಕೂರಿಸಬೇಡಿ’ ಎಂದು ಕೆಲವರು ಗಲಾಟೆ ಮಾಡುತ್ತಿದ್ದಾರೆ. ವಿದೇಶಗಳಲ್ಲೂ ವಲಸೆ ಬಂದವರಿಂದಲೇ ಮಕ್ಕಳಿಗೆ ಟಿಬಿ ಬರುತ್ತದೆ ಎಂದು ಓದಿದ್ದೆ. ನಿಜವಾ ಮೇಡಂ? ಅವನಿಗೆ ಎರಡು ವರ್ಷದ ತಂಗಿ ಇದ್ದಾಳೆ. ಆಕೆ ಆರಾಮಾಗಿದ್ದಾಳೆ.

ಉತ್ತರ: ಮಾಸ್ತರೇ, ಹುಡುಗನನ್ನು ಬೇರೆ ಕೂರಿಸಿದ್ದರೆ ಮೊದಲು ಅವನ ಜಾಗಕ್ಕೆ ಕರೆತನ್ನಿ. ಈ ವಯಸ್ಸಿನ ಮಕ್ಕಳ ಟಿಬಿಯಲ್ಲಿ ರೋಗಾಣು ತುಂಬಾ ಕಡಿಮೆ ಇರುತ್ತದೆ. ಜೋರಾಗಿ ಕೆಮ್ಮಿ ಕಫ ಹೊರಹಾಕಲು ಅವರಿಗೆ ಆಗುವುದೂ ಇಲ್ಲ. ಚಿಕ್ಕ ಮಕ್ಕಳಿಂದ ಇನ್ನೊಬ್ಬರಿಗೆ ಹರಡುವುದು ಬಹಳ ಅಪರೂಪ. ಅವನಿಗೆ ಯಾರೋ ದೊಡ್ಡವರಿಂದ ಬಂದಿದೆ. ಆ ದೊಡ್ಡವರು ಸಿಕ್ಕರಾ? ನಿಮ್ಮ ಪತ್ರದಲ್ಲಿ ಅದಿಲ್ಲ.

ರಾಯಚೂರಿನ ನನ್ನ ಕ್ಲಿನಿಕ್ಕಿಗೆ ಬಂದ ಒಂದು ಹುಡುಗಿ ನೆನಪಾಗುತ್ತಾಳೆ. ಇನ್ನೂ ಮೂರು ತುಂಬಿರಲಿಲ್ಲ. ಲಿಂಗಸುಗೂರು ಕಡೆಯವರು. ಮೊದಲ ಸಲ ಬಂದಾಗ ನಾನೇ ಕೆಮ್ಮಿನ ಸಿರಪ್ ಬರೆದು ಕಳಿಸಿದ್ದೆ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಎರಡನೇ ಸಲ, ಮಗುವಿನ ತೂಕ, ಲಸಿಕೆ ಬರೆಯುವ ತಾಯಿ ಕಾರ್ಡ್ ಕೇಳಿದೆ. ಮಡಿಕೆಯಲ್ಲಿ ಹರಿದು ಹೋಗಿದ್ದ ಕಾರ್ಡು. ಒಂದೂವರೆ ವರ್ಷದವರೆಗೆ ತೂಕದ ಚುಕ್ಕಿಗಳು ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗಿದ್ದವು. ಆಮೇಲೆ ಹದಿನಾಲ್ಕು ತಿಂಗಳು ಖಾಲಿ. ಅದು ಗುಳೆ ಹೋಗಿದ್ದ ಕಾಲ. ಅದರಾಚೆ ಒಂದೇ ಚುಕ್ಕಿ: 9 ಕೆಜಿ. ಹೋಗುವಾಗ ಇದ್ದಷ್ಟೇ ತೂಕ! ಕುತ್ತಿಗೆ ಮುಟ್ಟಿ ನೋಡಿದರೆ ನೆಲ್ಲಿಕಾಯಿ ಗಾತ್ರದ ಗಂಟು.

‘ಮನೆಯಲ್ಲಿ ಯಾರಾದರೂ ಕೆಮ್ಮುತ್ತಾರಾ ತಂಗಿ?’ ಎಂದು ಮಗುವಿನ ತಾಯಿಯನ್ನು ಕೇಳಿದೆ.

‘ಯಾರೂ ಇಲ್ರೀ. ನಮ್ಮ ಕಾಕಾ ಕೆಮ್ತಾನ್ರೀ, ಆದ್ರ ಆತ ಬೀಡಿ ಸೇದ್ತಾನಲ್ರೀ, ಅದಕ್ಕ.’

ಕಾಕಾನ ಕಫದಲ್ಲಿ ಟಿಬಿ ಸಿಕ್ಕಿತು. ಊರಲ್ಲೇ ಒಮ್ಮೆ ಮಾತ್ರೆ ಶುರು ಮಾಡಿ, ಎರಡು ತಿಂಗಳಿಗೆ ಮೈ ಹಗುರಾಯಿತೆಂದು ಬಿಟ್ಟು ಕೆಲಸಕ್ಕೆ ಹೋಗಿದ್ದ. ಕಟ್ಟಡದ ಪಕ್ಕ ಒಂದು ತಗಡಿನ ಶೆಡ್. ಎರಡು ಸಂಸಾರ, ಕಿಟಕಿ ಇಲ್ಲ, ಚಳಿಗೆ ಬಾಗಿಲೂ ಮುಚ್ಚಿರುತ್ತಿತ್ತು. ಮಗು ಅವನ ಪಕ್ಕದಲ್ಲೇ ಮಲಗುತ್ತಿತ್ತು. ಈಗ ಹೇಳಿ, ರೋಗ ಬಂದದ್ದು ಗುಳೆಯಿಂದಲಾ, ಬಿಟ್ಟ ಮಾತ್ರೆಯಿಂದಲಾ, ಆ ಶೆಡ್ಡಿನಿಂದಲಾ? ಮೂರನ್ನೂ ಬಿಡಿಸಿ ನೋಡೋಕಾಗಲ್ಲ.

ವಿದೇಶದ ಮಾತಿಗೆ ಬರೋಣ. ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಅಮೆರಿಕದಲ್ಲಿ ಟಿಬಿ ಆಗುವ ನಾಲ್ವರಲ್ಲಿ ಸುಮಾರು ಮೂವರು ಬೇರೆ ದೇಶದಲ್ಲಿ ಹುಟ್ಟಿದವರು. ಆದರೆ ಅಲ್ಲಿ ಟಿಬಿ ಆಗುವ ಮಕ್ಕಳಲ್ಲಿ ಎಷ್ಟೋ ಜನ ಅಲ್ಲೇ ಹುಟ್ಟಿದವರು, ಅಪ್ಪನೋ ಅಮ್ಮನೋ ಹೊರಗಿನಿಂದ ಹೋದವರು. ಇಂಗ್ಲೆಂಡಿಗೆ 6 ತಿಂಗಳಿಗಿಂತ ಜಾಸ್ತಿ ಇರಲು ಹೋಗುವ ನಮ್ಮವರು ವೀಸಾಕ್ಕೆ ಮೊದಲೇ ಟಿಬಿ ಪರೀಕ್ಷೆ ಮಾಡಿಸಬೇಕು. 11 ವರ್ಷ ತುಂಬಿದವರಿಗೆ ಎದೆಯ ಎಕ್ಸ್‌ರೇ ಇರುತ್ತದೆ. ಆದರೆ ಮೈಯೊಳಗೆ ಸುಮ್ನೆ ಮಲಗಿರುವ ರೋಗಾಣು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹೋಗಿ ಎಷ್ಟೋ ವರ್ಷದ ಮೇಲೆ ಅದು ಏಳಬಹುದು. ಆಗ ಮೊದಲು ತಾಗುವುದು ಒಂದೇ ಮನೆಯಲ್ಲಿ ಮಲಗುವ ಮಗುವಿಗೆ. ಆ ದೇಶಗಳಲ್ಲಿ ವಲಸೆ ಬಂದವರಿಂದ ಅಲ್ಲಿನ ಜನಕ್ಕೆ ಟಿಬಿ ಹರಡಿದ್ದು ಕಡಿಮೆಯೇ. ಅವರವರ ಮನೆಯೊಳಗೇ ಜಾಸ್ತಿ. ನಿಮ್ಮೂರಿನ ಪೋಷಕರಿಗೆ ಇದನ್ನು ದಯವಿಟ್ಟು ಬಿಡಿಸಿ ಹೇಳಿ.

ಹುಡುಗನ ಅಪ್ಪ-ಅಮ್ಮ ಮತ್ತೆ ಗುಳೆ ಹೋಗುತ್ತಾರೆ, ಅಲ್ವಾ? ಹೊಟ್ಟೆಪಾಡು, ಬೇಡ ಅನ್ನೋಕೆ ನಾವ್ಯಾರು? ಅವರು ಹೊರಡುವ ಮೊದಲು ಹುಡುಗನ ನಿಕ್ಷಯ್ ನಂಬರನ್ನು (ಟಿಬಿ ರೋಗಿಗಳಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಒಂದು ಚೀಟಿಯಲ್ಲಿ ಬರೆದುಕೊಡಿ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿದರೆ ಇಲ್ಲಿ ನಿಲ್ಲಿಸಿದಲ್ಲಿಂದಲೇ ಮಾತ್ರೆ ಮುಂದುವರಿಸುತ್ತಾರೆ, ಪುಕ್ಕಟೆ. ಮಾತ್ರೆ ನಡೆಯುವಷ್ಟು ದಿನ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ಖಾತೆಗೆ ಬರಬೇಕು. 2024ರ ನವೆಂಬರ್‌ವರೆಗೆ ಅದು 500 ಇತ್ತು. ಬರದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನು ಆ ತಂಗಿ. ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ಗಾಬರಿಯಾಯಿತು. ಆಕೆಯೂ ಅಣ್ಣನ ಜೊತೆ ಒಂದೇ ಸೂರಿನಡಿ ಇರುವವಳು. ಎರಡು ವರ್ಷದ ಮಗುವಿಗೆ ಸೋಂಕು ತಾಗಿದರೆ ರೋಗ ಬೇಗ ಏರುತ್ತದೆ, ಮೆದುಳಿಗೂ ಹೋಗಬಹುದು. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆ ಆ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಆಕೆಯನ್ನು ಪರೀಕ್ಷೆ ಮಾಡಿ, ಟಿಬಿ ಇಲ್ಲವೆಂದು ಖಾತ್ರಿಯಾದ ಮೇಲೆ ಮುಂದೆ ಬಾರದ ಹಾಗೆ ಮಾತ್ರೆ ಕೊಡುತ್ತಾರೆ. ಸಾಮಾನ್ಯವಾಗಿ 6 ತಿಂಗಳು, ಅದಕ್ಕೂ ದುಡ್ಡಿಲ್ಲ. ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಆ ಮಕ್ಕಳ ಜೊತೆ ಇದ್ದು ಕೆಮ್ಮುತ್ತಿದ್ದವರು ಯಾರೇ ಇರಲಿ, ಅವರನ್ನೂ ಜೊತೆಗೆ ಕಳಿಸಿ. ತಾಯಿ ಕಾರ್ಡ್ ಮರೆಯದೆ ಒಯ್ಯಲು ಹೇಳಿ.